ಕರಿನೀರಿಗೆ ಹೋದ ಹಿರಿಯರ ಜಾಡು

ನಮ್ಮ ಸಮಾಜದ ಮನೆತನಗಳಲ್ಲಿ ವಂಶದ ಹಿರಿಯರನ್ನು ನೆನೆಯುವ ಪದ್ಧತಿ ಬಹು ಹಿಂದಿನಿಂದ ಬಂದದ್ದು. ಸುಗ್ಗಿಯ ಕಾಲದಲ್ಲಿ ಎತ್ತಿನ ಮೇಲೆ ಕುಳಿತು ಬರುವ ಹೆಳವನು ಅಂಗಳದಲ್ಲಿ ನಿಂತು ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರುಗಳನ್ನು ಹೇಳಿ, ಕಾಳು ಬಟ್ಟೆಗಳನ್ನು ಪಡೆದು ಮುಂದಿನ ಊರಿಗೆ ಹೋಗುತ್ತಾನೆ. ಯಾರು ಯಾವ ಊರಿನಿಂದ ಬಂದರು, ಯಾರಿಗೆ ಎಷ್ಟು ಗಂಡು ಮಕ್ಕಳು, ಅವರಲ್ಲಿ ಯಾರ ಶಾಖೆ ಎಲ್ಲಿ ನೆಲೆಸಿತು ಎಂಬುದು ಅವನ ನಾಲಗೆಯ ಮೇಲಿರುತ್ತದೆ. ಆದರೆ ಕೆಲವು ಮನೆಗಳಲ್ಲಿ ಈ ಸರಪಳಿಯ ಒಂದು ಕೊಂಡಿ ಮಾತ್ರ ಮಸುಕಾಗಿರುತ್ತದೆ. ನಾಲ್ವರು ಅಣ್ಣತಮ್ಮಂದಿರಲ್ಲಿ ಮೂವರ ಹೆಸರು ಬರುತ್ತದೆ. ನಾಲ್ಕನೆಯವನ ವಿಷಯ ಕೇಳಿದರೆ ಹಿರಿಯರು ದನಿ ತಗ್ಗಿಸಿ, ‘ಅವನು ಕರಿನೀರಿಗೆ ಹೋದ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ. ಹೋದವನು ಯಾವ ತಪ್ಪಿಗೆ ಹೋದ, ಯಾವ ದ್ವೀಪಕ್ಕೆ ಹೋದ, ಎಷ್ಟು ವರ್ಷ ಬದುಕಿದ ಎಂಬುದನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಅಂಥ ಹಿರಿಯನೊಬ್ಬನ ಜಾಡನ್ನು ಇಂದು ಹಿಡಿಯಲು ಸಾಧ್ಯವೇ ಎಂಬುದನ್ನು ಮುದಗಲ್ಲು, ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯ ಬಂಧುಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ವಿಚಾರಿಸಲು ಬಯಸುತ್ತೇವೆ.

ಇಂಥ ಶೋಧವನ್ನು ಒಂದು ರಾಷ್ಟ್ರವೇ ಕೈಗೊಂಡ ಉದಾಹರಣೆ ಆಸ್ಟ್ರೇಲಿಯದ್ದು. 1788ರಿಂದ 1868ರವರೆಗಿನ ಎಂಬತ್ತು ವರ್ಷಗಳಲ್ಲಿ ಬ್ರಿಟಿಷ್ ಸರಕಾರವು ಸುಮಾರು 1,62,000 ಕೈದಿಗಳನ್ನು ಹಡಗುಗಳಲ್ಲಿ ತುಂಬಿ ಆ ಖಂಡಕ್ಕೆ ಸಾಗಿಸಿತು. ಅವರ ಮಕ್ಕಳು ಮೊಮ್ಮಕ್ಕಳು ಬಹುಕಾಲ ಈ ಸಂಗತಿಯನ್ನು ಕಳಂಕವೆಂದು ಬಗೆದು ಮುಚ್ಚಿಟ್ಟರು. ಕಾಲ ಬದಲಾಯಿತು. ಇಂದು ಅಲ್ಲಿ ಮನೆತನದಲ್ಲಿ ಕೈದಿಯೊಬ್ಬನಿದ್ದನೆಂಬುದು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತಾಗಿದೆ. ಆ ಕೈದಿಗಳ ದಾಖಲೆಗಳನ್ನು 2007ರಲ್ಲಿ ಯುನೆಸ್ಕೋ ಸಂಸ್ಥೆಯು ಜಗತ್ತಿನ ಸ್ಮೃತಿಪಟ್ಟಿಗೆ ಸೇರಿಸಿತು. ಅವರು ದುಡಿದ ಹನ್ನೊಂದು ಸ್ಥಳಗಳು 2010ರಲ್ಲಿ ವಿಶ್ವಪರಂಪರೆಯ ತಾಣಗಳಾದವು. ರೊಟ್ಟಿ ಕದ್ದವನು, ಕುರಿ ಕದ್ದವನು, ರೈತರ ದಂಗೆಯಲ್ಲಿ ಸೇರಿದವನು ಎಂಬ ಭೇದವಿಲ್ಲದೆ ಪ್ರತಿಯೊಬ್ಬನ ಎತ್ತರ, ಕಣ್ಣಿನ ಬಣ್ಣ, ಕಸುಬು, ಹುಟ್ಟಿದ ಊರು ಆ ಕಡತಗಳಲ್ಲಿವೆ. ನಮ್ಮವರನ್ನು ಸಾಗಿಸಿದ್ದೂ ಅದೇ ಆಳರಸರೇ, ಬರೆದಿಟ್ಟದ್ದೂ ಅದೇ ಬಗೆಯ ಕಾರಕೂನರೇ. ಹುಡುಕುವವರು ಮಾತ್ರ ನಮ್ಮಲ್ಲಿ ಕಡಿಮೆ.

ಒಂದು ಭೇದವನ್ನು ಇಲ್ಲಿಯೇ ಹೇಳಬೇಕು. ಭಾರತದಲ್ಲಿ ಅಪರಾಧಿಗಳೆನಿಸಿದ ಆಂಗ್ಲ ಸೈನಿಕರನ್ನು ಆಸ್ಟ್ರೇಲಿಯಕ್ಕೆ ಕಳಿಸಿದ್ದುಂಟು. ನಮ್ಮ ಜನರಿಗೆ ನಿಗದಿಯಾದ ಸ್ಥಳಗಳು ಬೇರೆ. 1787ರಿಂದ ಸುಮಾತ್ರಾದ ಬೆಂಕೂಲೆನ್, ಆಮೇಲೆ ಪಿನಾಂಗ್, 1815ರಿಂದ ಮಾರಿಷಸ್, 1825ರಿಂದ ಸಿಂಗಾಪುರ ಮತ್ತು ಮಲಾಕ್ಕಾ, ಬರ್ಮಾದ ಅರಾಕಾನ್ ಮತ್ತು ತೆನಾಸೆರಿಂ ತೀರಗಳು, ಕಡೆಗೆ 1858ರಿಂದ ಅಂದಮಾನ್. 1837ರಲ್ಲಿ ಕೊಡಗು ಮತ್ತು ಸುಳ್ಯ ಸೀಮೆಯಲ್ಲಿ ನಡೆದ ಹೋರಾಟ ಮುರಿದ ಮೇಲೆ ಕೆಲವರನ್ನು ಗಲ್ಲಿಗೇರಿಸಿ, ಕೆಲವರನ್ನು ಸಿಂಗಾಪುರಕ್ಕೆ ಸಾಗಿಸಿದರು. ಸಿಂಗಾಪುರದ ರಸ್ತೆಗಳನ್ನು ಹಾಕಿದವರೂ, ಇಂದಿಗೂ ಅಲ್ಲಿ ನಿಂತಿರುವ ಸೇಂಟ್ ಆಂಡ್ರೂಸ್ ಇಗರ್ಜಿಯನ್ನು ಕಟ್ಟಿದವರೂ ಭಾರತದ ಕೈದಿಗಳೇ. ಪ್ರವಾಸಕ್ಕೆಂದು ಅಲ್ಲಿಗೆ ಹೋಗಿ ಬರುವ ನಮ್ಮ ಬಂಧುಗಳಲ್ಲಿ ಇದನ್ನು ಬಲ್ಲವರು ವಿರಳ. ಆದ್ದರಿಂದ ‘ಕರಿನೀರು’ ಎಂದ ಕೂಡಲೇ ಅಂದಮಾನವೇ ಎಂದು ತೀರ್ಮಾನಿಸಬಾರದು. 1858ಕ್ಕಿಂತ ಮೊದಲು ಹೋದವನನ್ನು ಅಲ್ಲಿ ಹುಡುಕಿ ಫಲವಿಲ್ಲ. ಸಿಂಗಾಪುರದಲ್ಲಿ ಉಳಿದ ಕೈದಿಗಳನ್ನು 1873ರಲ್ಲಿ ಅಂದಮಾನಕ್ಕೆ ವರ್ಗಾಯಿಸಿದರೆಂಬುದನ್ನೂ ನೆನಪಿಡಬೇಕು.

ಇನ್ನು ನಮ್ಮ ಸೀಮೆಗೆ ಬರೋಣ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ರಾಯಚೂರು ದೋಆಬು ನಿಜಾಮರ ಸೀಮೆಯೆಂದು ಎಲ್ಲರೂ ಬಲ್ಲರು. ಆದರೆ 1853ರ ಮೇ ತಿಂಗಳಿನ ಕರಾರಿನಂತೆ, ಸೈನ್ಯದ ವೆಚ್ಚದ ಬಾಕಿಗಾಗಿ ನಿಜಾಮರು ಬೇರಾರ ಮತ್ತು ನಳದುರ್ಗ ಪ್ರಾಂತಗಳೊಂದಿಗೆ ಈ ದೋಆಬನ್ನೂ ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಿದ್ದರು; ಅದು 1860ರಲ್ಲಿ ಮರಳಿ ನಿಜಾಮರಿಗೆ ಸೇರಿತು. ಆ ಏಳು ವರ್ಷ ಮುದಗಲ್ಲಿನ ಕೋಟೆಯ ನೆರಳಿನಲ್ಲಿ ಬದುಕಿದ ಒಕ್ಕಲಿಗನೂ ವ್ಯಾಪಾರಿಯೂ ಬ್ರಿಟಿಷ್ ಅಧಿಕಾರಿಯ ನ್ಯಾಯಕ್ಕೆ ಒಳಪಟ್ಟಿದ್ದನು. ಸಮೀಪದ ಲಿಂಗಸುಗೂರಿನಲ್ಲಿ ಹೈದರಾಬಾದು ಕಂಟಿಂಜೆಂಟ್ ಸೈನ್ಯದ ದಂಡು ಬೀಡುಬಿಟ್ಟಿತ್ತು. ಹುಡುಕುವವರಿಗೆ ಈ ಏಳು ವರ್ಷಗಳೇ ಕೀಲಿಕೈ. 1857ರ ದಂಗೆಯೂ ಅದನ್ನು ಅಡಗಿಸಿದ ಕ್ರೌರ್ಯವೂ ಇದೇ ಅವಧಿಯಲ್ಲಿ ಬಿದ್ದಿವೆ. ಆ ಕಾಲದ ವಿಚಾರಣೆಯ ಕಾಗದಗಳು ಇಂಗ್ಲಿಷಿನಲ್ಲಿ ಬರೆಯಲ್ಪಟ್ಟು ಮೇಲಧಿಕಾರಿಗಳಿಗೆ ಹೋದವು.

ಆ ದಿನಗಳಲ್ಲಿ ಈ ನಾಡಿನ ಸುತ್ತ ನಾಲ್ಕು ದಿಕ್ಕಿಗೂ ಬೆಂಕಿಯಿತ್ತು. 1857ರ ನವೆಂಬರಿನಲ್ಲಿ ಆಯುಧಗಳನ್ನು ಒಪ್ಪಿಸಲು ಒಪ್ಪದ ಹಲಗಲಿಯ ಬೇಡರ ಊರನ್ನು ಸುಟ್ಟು, ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. 1858ರ ಫೆಬ್ರವರಿಯಲ್ಲಿ ಸುರಪುರ ಬಿದ್ದಿತು. ಮೇ ಕೊನೆಗೆ ಮುಂಡರಗಿಯ ಭೀಮರಾಯನೂ ಹಮ್ಮಿಗೆಯ ಕೆಂಚನಗೌಡನೂ ಕೊಪ್ಪಳದ ಕೋಟೆಯನ್ನು ಹಿಡಿದು, ಜೂನ್ ಮೊದಲಿಗೆ ಅಲ್ಲಿಯೇ ಹೋರಾಡಿ ಮಡಿದರು. ನರಗುಂದದ ಬಾಬಾಸಾಹೇಬನಿಗೆ ಅದೇ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಾಯಿತು.

ಇವರಲ್ಲಿ ಕರಿನೀರಿನ ಶಿಕ್ಷೆಗೆ ತೀರ ಹತ್ತಿರ ಬಂದ ದೊಡ್ಡ ಹೆಸರೆಂದರೆ ಸುರಪುರದ ರಾಜಾ ವೆಂಕಟಪ್ಪ ನಾಯಕನದು. ಆತನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ, ಏಕೆಂದರೆ ಒಬ್ಬ ಮನುಷ್ಯನ ಶಿಕ್ಷೆ ಕಾಗದದ ಮೇಲೆ ಹೇಗೆ ಹೇಗೆ ಬದಲಾಗುತ್ತಿತ್ತು ಎಂಬುದು ಅದರಿಂದ ತಿಳಿಯುತ್ತದೆ. ಬಾಲಕನಾಗಿದ್ದಾಗ ಆತನ ಮೇಲ್ವಿಚಾರಣೆ ನೋಡಿಕೊಂಡವನು ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ. 1841ರಿಂದ 1853ರವರೆಗೆ ಸುರಪುರದಲ್ಲಿದ್ದವನು. ಬಾಲಕನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನಂತೆ. ಸುರಪುರ ಬಿದ್ದ ಮೇಲೆ ನಾಯಕನು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ವಿಚಾರಣೆಯಲ್ಲಿ ಮೊದಲು ಮರಣದಂಡನೆ ವಿಧಿಸಲಾಯಿತು. ರೆಸಿಡೆಂಟನು ಅದನ್ನು ಜೀವಾವಧಿ ಗಡೀಪಾರಿಗೆ, ಎಂದರೆ ಕರಿನೀರಿಗೆ ಇಳಿಸಿದನು. ಗವರ್ನರ್ ಜನರಲನು ಅದನ್ನೂ ಇಳಿಸಿ ಮದರಾಸಿನ ಹತ್ತಿರದ ಚಂಗಲಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷ ಸೆರೆಯೆಂದು ಗೊತ್ತುಪಡಿಸಿದನು. ಅಲ್ಲಿಗೆ ಒಯ್ಯುವ ದಾರಿಯಲ್ಲಿಯೇ 1858ರ ಮೇ ತಿಂಗಳಲ್ಲಿ ನಾಯಕನು ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಬಲಿಯಾದನು. ತಾನೇ ಹೊಡೆದುಕೊಂಡನೆಂದು ಆಂಗ್ಲರು ಬರೆದರು; ಹೊಡೆದು ಕೊಂದರೆಂದು ನಮ್ಮ ಜನ ನಂಬಿದರು. ಮೂರು ತಿಂಗಳಲ್ಲಿ ಒಬ್ಬನೇ ಮನುಷ್ಯನ ಮೇಲೆ ಮೂರು ಶಿಕ್ಷೆಗಳು! ಹೋದವನು ಹಡಗು ಹತ್ತಿದನೆಂದು ಮನೆಯವರು ನಂಬಿರಬಹುದು. ಕಡತವು ಬೇರೆಯದನ್ನೇ ಹೇಳೀತು. ಶಿಕ್ಷೆಯ ಆಜ್ಞೆಯೊಂದು ಸಿಕ್ಕಿದೊಡನೆ ಶೋಧ ಮುಗಿಯಿತೆಂದು ಕುಳಿತುಕೊಳ್ಳಬಾರದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಿಜಾಮರ ರಾಜಧಾನಿಯಲ್ಲಿಯೂ ಇಂಥದೇ ಘಟನೆ ನಡೆಯಿತು. 1857ರ ಜುಲೈ 17ರಂದು ಹೈದರಾಬಾದಿನ ರೆಸಿಡೆನ್ಸಿಯ ಮೇಲೆ ದಾಳಿ ಮಾಡಿದ ಮುಂದಾಳುಗಳಲ್ಲಿ ತುರ್ರೆಬಾಜ್ ಖಾನನು ಸೆರೆಯಿಂದ ತಪ್ಪಿಸಿಕೊಂಡು ಹೋಗಿ ಗುಂಡಿಗೆ ಬಲಿಯಾದನು. ಮೌಲವಿ ಅಲ್ಲಾವುದ್ದೀನನನ್ನು 1859ರಲ್ಲಿ ಅಂದಮಾನಕ್ಕೆ ಸಾಗಿಸಿದರು. ಆತನು ಅಲ್ಲಿಯೇ ತೀರಿಕೊಂಡನು. ಇವರ ಹೆಸರು ಗ್ರಂಥಗಳಲ್ಲಿ ಉಳಿದಿದೆ. ಇವರ ಹಿಂದೆ ಹೋದ ಸಾಮಾನ್ಯರ ಹೆಸರು ಕಡತದಲ್ಲಿ ಮಾತ್ರ ಉಳಿದಿದೆ.

ನಮ್ಮ ಹಿರಿಯನು ದೇಶಕ್ಕಾಗಿ ಹೋರಾಡಿಯೇ ಕರಿನೀರಿಗೆ ಹೋಗಿರಬೇಕೆಂದು ಬಯಸುವುದು ಸಹಜ. ಆದರೆ ಆ ಹಡಗುಗಳಲ್ಲಿ ದರೋಡೆಕೋರರೂ ಇದ್ದರು, ಠಕ್ಕರೂ ಇದ್ದರು, ಹೊಲದ ಬದುವಿನ ಜಗಳದಲ್ಲಿ ದಾಯಾದಿಯನ್ನು ಕೊಂದವರೂ ಇದ್ದರು, ಸುಳ್ಳು ಕಾಗದ ಸೃಷ್ಟಿಸಿದವರೂ ಇದ್ದರು. ಅಂದಮಾನಕ್ಕೆ ಹೋದವರು ಒಟ್ಟು ಎಂಬತ್ತು ಸಾವಿರದಷ್ಟೆಂದು ಇತಿಹಾಸಕಾರರ ಅಂದಾಜು. ಅವರಲ್ಲಿ ಬಹುಪಾಲು ಜನರು ರಾಜಕೀಯ ಕೈದಿಗಳಲ್ಲ. ಇನ್ನೊಂದು ಕಡೆ, ದಂಗೆಯಲ್ಲಿ ಸೇರಿದವನನ್ನೂ ದರೋಡೆಕೋರನೆಂದೇ ಬರೆಯುವುದು ಆಗಿನ ಅಧಿಕಾರಿಗಳ ರೂಢಿಯಾಗಿತ್ತು. ಆದ್ದರಿಂದ ಮೊದಲೇ ವೀರನೆಂದು ನಿಶ್ಚಯಿಸಿ ಹೊರಟವರೂ, ಕಳ್ಳನೆಂದು ನಾಚಿ ಕುಳಿತವರೂ ಇಬ್ಬರೂ ದಾರಿ ತಪ್ಪುತ್ತಾರೆ. ಅಪರಾಧ ನಡೆದ ದಿನಾಂಕ, ಸ್ಥಳ, ಜೊತೆಗಿದ್ದವರು ಇವನ್ನು ನೋಡಿ ತೂಗಬೇಕು. ಹುತಾತ್ಮರ ಪಟ್ಟಿಗೆ ಹೆಸರು ಸೇರಿಸುವ ಅವಸರ ನಮ್ಮಲ್ಲಿ ಈಗೀಗ ಹೆಚ್ಚಾಗಿದೆಯೆಂದು ಖೇದದಿಂದಲೇ ಹೇಳಬೇಕಾಗಿದೆ.

ಹುಡುಕುವ ಕ್ರಮ ಹೇಗೆ? ಪತ್ರಾಗಾರಕ್ಕೆ ಹೋಗುವ ಮೊದಲು ಮನೆಯ ಅಟ್ಟವನ್ನು ಹತ್ತಬೇಕು. ಅಂದಿನ ಕಾಗದಗಳಲ್ಲಿ ನಮ್ಮವರಿಗೆ ಇಂದಿನಂತೆ ಅಡ್ಡಹೆಸರು ಬರೆದಿರುವುದು ಅಪರೂಪ. ‘ಬಸಪ್ಪ ಬಿನ್ ಮಲ್ಲಪ್ಪ, ಲಿಂಗಾಯತ, ಉದ್ಯೋಗ ಒಕ್ಕಲುತನ’ ಎಂದು ಬರೆದು ಮುಗಿಸುತ್ತಿದ್ದರು. ಬಸಪ್ಪ, ಮಲ್ಲಪ್ಪ, ಶರಣಪ್ಪ, ಈರಪ್ಪ ಇಲ್ಲದ ಹಳ್ಳಿ ನಮ್ಮ ನಾಡಿನಲ್ಲಿ ಎಲ್ಲಿದೆ? ತಂದೆಯ ಹೆಸರು ಮತ್ತು ಊರು ಇವೆರಡೂ ಖಚಿತವಾಗದೆ ಕಡತಕ್ಕೆ ಕೈ ಹಚ್ಚಿದರೆ ನೂರು ಬಸಪ್ಪಗಳು ಎದುರು ನಿಲ್ಲುತ್ತಾರೆ. ಈ ಎರಡನ್ನೂ ಕೊಡಬಲ್ಲವನು ಹೆಳವನೇ. ಅವನು ಮುಂದುವರಿದ ವಂಶವನ್ನು ಹಾಡುತ್ತಾನೆ, ನಿಂತುಹೋದ ಶಾಖೆಯನ್ನು ಕೇಳದ ಹೊರತು ಬಾಯಿಬಿಡುವುದಿಲ್ಲ. ಆದುದರಿಂದ ‘ಇಂಥವನಿಗೆ ಅಣ್ಣತಮ್ಮಂದಿರು ಎಷ್ಟು ಜನ?’ ಎಂದು ಬಿಡಿಸಿ ಕೇಳಬೇಕು. ಹೆಳವರಲ್ಲಿ ಕೆಲವರು ತಲೆಮಾರುಗಳಿಂದ ಬಂದ ಹೊತ್ತಿಗೆಗಳನ್ನೂ ಇಟ್ಟುಕೊಂಡಿರುತ್ತಾರೆ.

ಗೌಡಿಕೆ, ಕುಲಕರ್ಣಿಕೆ, ಶೆಟ್ಟಿತನಗಳಂಥ ವತನವಿದ್ದ ಮನೆಗಳಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. ವತನ ಅಣ್ಣನಿಂದ ಮಗನಿಗೆ ಹೋಗುವ ಬದಲು ತಮ್ಮನಿಗೆ ಹೋಗಿದ್ದರೆ, ಅಥವಾ ಕೆಲವು ವರ್ಷ ಜಪ್ತಿಯಲ್ಲಿದ್ದು ಮರಳಿ ಬಂದಿದ್ದರೆ, ಆ ವರ್ಷದಲ್ಲಿ ಏನಾಯಿತೆಂದು ವಿಚಾರಿಸಬೇಕು. ಕಾಗದದ ಮೇಲಿನ ಇಸವಿ ಫಸಲಿಯಲ್ಲಿದ್ದೀತು. ಅದಕ್ಕೆ 590 ಕೂಡಿಸಿದರೆ ನಮಗೆ ತಿಳಿಯುವ ಇಸವಿಯಾಗುತ್ತದೆ. 1267 ಫಸಲಿ ಎಂದಿದ್ದರೆ ಅದು 1857–58ರ ಸುಮಾರು. ಲಿಪಿ ಮೋಡಿಯಾಗಿರಬಹುದು, ಭಾಷೆ ಪಾರಸಿಯೋ ಮರಾಠಿಯೋ ಆಗಿರಬಹುದು. ಶಿಕ್ಷೆಯ ಹೆಸರೂ ಭಾಷೆಗೊಂದು. ಮರಾಠಿ ಕಾಗದದಲ್ಲಿ ‘ಜನ್ಮಠೇಪ’ ಎಂದೂ ‘ಕಾಳೇಪಾಣಿ’ ಎಂದೂ, ಪಾರಸಿ ಉರ್ದು ಕಾಗದದಲ್ಲಿ ‘ಉಬೂರ್-ಎ-ದರಿಯಾ-ಎ-ಶೋರ್’ ಎಂದೂ ಬರೆದಿರುತ್ತಾರೆ. ಉಪ್ಪುಕಡಲಿನ ಆಚೆಗೆ ದಾಟಿಸುವುದು ಎಂದು ಅದರ ಅರ್ಥ.

ಹೊರಗಿನ ದಾಖಲೆ ಎಲ್ಲಿದೆಯೆಂಬುದು ಅಂದು ಊರು ಯಾರ ಆಡಳಿತದಲ್ಲಿತ್ತೆಂಬುದನ್ನು ಅವಲಂಬಿಸಿದೆ. ದೋಆಬಿನ ಮತ್ತು ಸುರಪುರದ ಪತ್ರವ್ಯವಹಾರ ಹೈದರಾಬಾದಿನ ರೆಸಿಡೆಂಟನ ಮೂಲಕ ಹೋದದ್ದರಿಂದ ದಿಲ್ಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿ ವಿದೇಶಾಂಗ ಇಲಾಖೆಯ ಕಡತಗಳಲ್ಲಿ ನೋಡಬೇಕು. ಆ ಸಂಸ್ಥೆಯ ‘ಅಭಿಲೇಖ ಪಟಲ’ದಲ್ಲಿ ಕಡತಗಳ ಸೂಚಿಯನ್ನು ಈಗ ಮನೆಯಲ್ಲಿಯೇ ಕುಳಿತು ಗಣಕಯಂತ್ರದ ಮೇಲೆ ಹುಡುಕಬಹುದು, ಕಾಲೇಜು ಓದುವ ಮಕ್ಕಳಿಗೆ ಒಂದು ಸಂಜೆಯ ಕೆಲಸ. ನಿಜಾಮರ ದಫ್ತರಗಳು ಹೈದರಾಬಾದಿನ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಧಾರವಾಡ, ಬೆಳಗಾವಿ, ವಿಜಾಪುರ ಕಡೆಯ ಬೀಗರ ಮನೆಯವನಾದರೆ ಮುಂಬಯಿಯ ಮಹಾರಾಷ್ಟ್ರ ರಾಜ್ಯ ಪತ್ರಾಗಾರ. ಬಳ್ಳಾರಿ ಸೀಮೆಯವನಾದರೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ. ಮುಂಬಯಿ ಇಲಾಖೆಯ ಗಡೀಪಾರಿನ ಕೈದಿಗಳನ್ನು ಹಡಗು ಸಿಗುವವರೆಗೆ ಠಾಣೆಯ ಜೈಲಿನಲ್ಲಿ ಕೂಡಿಡುತ್ತಿದ್ದರು. ಊರುಗಳ ಹೆಸರು ಆಂಗ್ಲರ ಬಾಯಲ್ಲಿ ತಿರುಚಿಕೊಂಡಿವೆ: ಸುರಪುರ ‘ಶೋರಾಪುರ’ವಾಗಿ, ಕೊಪ್ಪಳ ‘ಕೋಪಾಲ್’ ಆಗಿ, ಲಿಂಗಸುಗೂರು ‘ಲಿಂಗ್‌ಸೂಗೂರ್’ ಆಗಿ ಬರುತ್ತವೆ. ಲಿಂಗಸುಗೂರು 1905ರವರೆಗೆ ತಾನೇ ಒಂದು ಜಿಲ್ಲೆಯಾಗಿತ್ತು. ರಾಯಚೂರೆಂದು ಮಾತ್ರ ಹುಡುಕಿದವನಿಗೆ ಅರ್ಧ ದಾಖಲೆ ಕಣ್ತಪ್ಪುತ್ತದೆ.

ಇಷ್ಟು ಮಾಡಿ ಕಡತ ಸಿಕ್ಕಿತೆಂದರೆ ಅದರಲ್ಲಿ ಏನಿರುತ್ತದೆ? ಮೊದಲಿಗೆ ಒಂದು ಅಂಕಿ. ಅಂದಮಾನದ ಕೈದಿಯು ಕೊರಳಲ್ಲಿ ಕಟ್ಟಿಗೆಯ ಬಿಲ್ಲೆಯೊಂದನ್ನು ಧರಿಸಬೇಕಿತ್ತು. ಅದರ ಮೇಲೆ ಅವನ ಅಂಕಿ, ಶಿಕ್ಷೆಯಾದ ದಿನ, ಬಿಡುಗಡೆಯ ದಿನ ಕೆತ್ತಿರುತ್ತಿದ್ದವು. ಆ ಅಂಕಿ ಸಿಕ್ಕರೆ ಮುಂದಿನ ದಾಖಲೆಗಳಲ್ಲಿ ಅವನನ್ನು ಗುರುತಿಸುವುದು ಸುಲಭ. ಎತ್ತರ, ಮೈಬಣ್ಣ, ಗಾಯದ ಕಲೆ, ಹಚ್ಚೆ ಇವುಗಳ ವಿವರವೂ ಇರುತ್ತದೆ. ಇನ್ನೂ ಹಿಂದಿನವರ ಸ್ಥಿತಿ ದಾರುಣ: ಬಂಗಾಳ ಮತ್ತು ಮದರಾಸು ಇಲಾಖೆಗಳಲ್ಲಿ ಜೀವಾವಧಿ ಕೈದಿಯ ಹಣೆಯ ಮೇಲೆ ಅಪರಾಧವನ್ನು ಹಚ್ಚೆ ಚುಚ್ಚಿ ಬರೆಯುತ್ತಿದ್ದರು, 1849ರ ಕಾಯಿದೆಯಿಂದ ಅದು ನಿಂತಿತು. ವಿಭೂತಿ ಧರಿಸುವ ಹಣೆಯ ಮೇಲೆ ಕೊಲೆಗಾರನೆಂಬ ಅಕ್ಷರ!

1858ರ ಮಾರ್ಚ್ 10ರಂದು ವಾಕರನೆಂಬ ಅಧಿಕಾರಿ ಇನ್ನೂರು ಕೈದಿಗಳೊಡನೆ ಅಂದಮಾನದಲ್ಲಿ ಇಳಿದನು. ಸೆಲ್ಯುಲರ್ ಜೈಲು ಆಗ ಇನ್ನೂ ಇರಲಿಲ್ಲ. ಅದು ಕಟ್ಟಲ್ಪಟ್ಟದ್ದು 1896ರಿಂದ 1906ರ ನಡುವೆ. ಮೊದಲು ಹೋದವರು ಕಾಡು ಕಡಿಯಬೇಕಿತ್ತು. ಜ್ವರದಿಂದ ಸತ್ತವರೆಷ್ಟೋ ಮಂದಿ. ತಪ್ಪಿಸಿಕೊಂಡು ಕಾಡಿಗೆ ಓಡಿ ಮರಳಿ ಸಿಕ್ಕವರಲ್ಲಿ ಎಂಬತ್ತಕ್ಕೂ ಹೆಚ್ಚು ಜನರನ್ನು ವಾಕರನು ಗಲ್ಲಿಗೇರಿಸಿದನು. ಬದುಕಿ ಉಳಿದವರಿಗೆ ವರ್ಷಗಳು ಕಳೆದಂತೆ ಭೂಮಿ ಕೊಟ್ಟು ತಮ್ಮ ದುಡಿಮೆಯಿಂದ ಬಾಳಲು ಬಿಡುತ್ತಿದ್ದರು. ಇಪ್ಪತ್ತು ಇಪ್ಪತ್ತೈದು ವರ್ಷ ನಡತೆ ಒಳ್ಳೆಯದಾಗಿದ್ದವರಿಗೆ ಬಿಡುಗಡೆಯ ಅವಕಾಶವೂ ಇತ್ತು. ಕೆಲವರು ಅಲ್ಲಿಯೇ ಹೆಣ್ಣು ಕೈದಿಗಳನ್ನು ಮದುವೆಯಾಗಿ ನೆಲೆನಿಂತರು. ಅವರ ಸಂತತಿ ಇಂದಿಗೂ ಪೋರ್ಟ್ ಬ್ಲೇರಿನ ಸುತ್ತ ಇದೆ. ಅವರ ಮನೆಮಾತು ಹಿಂದುಸ್ತಾನಿ. ಅವರಲ್ಲಿ ಯಾರ ಮೂಲ ಮಸ್ಕಿಯೋ ಮುದಗಲ್ಲೋ ಯಾರು ಬಲ್ಲರು? 1942ರಿಂದ 1945ರವರೆಗೆ ದ್ವೀಪಗಳು ಜಪಾನೀಯರ ವಶದಲ್ಲಿದ್ದಾಗ ಅಲ್ಲಿನ ದಾಖಲೆಗಳು ಬಹಳಷ್ಟು ನಾಶವಾದವು. ಆದ್ದರಿಂದ ಕಳಿಸಿದ ಕಡೆಯ ಕಾಗದವೇ ನಮಗೆ ಹೆಚ್ಚಿನ ಆಧಾರ.

ಸದ್ಭಕ್ತರ ಮನಸ್ಸನ್ನು ಕಲಕುವ ಪ್ರಶ್ನೆ ಇನ್ನೊಂದಿದೆ. ಇಷ್ಟಲಿಂಗವನ್ನು ಪ್ರಾಣಕ್ಕೆ ಸಮವೆಂದು ಬಗೆದು, ಪೂಜೆಯಿಲ್ಲದೆ ನೀರನ್ನೂ ಮುಟ್ಟದ ಸಂಪ್ರದಾಯದಲ್ಲಿ ಬೆಳೆದವನು ಬೇಡಿ ತೊಟ್ಟು ಹಡಗಿನ ತಳದಲ್ಲಿ ವಾರಗಟ್ಟಲೆ ಹೇಗೆ ಇದ್ದನು? ಜೈಲಿನವರು ಇಂಥ ಆಚಾರಗಳನ್ನು ಎಷ್ಟು ಲಘುವಾಗಿ ಕಂಡರೆಂಬುದಕ್ಕೆ 1855ರ ಬಿಹಾರದ ಘಟನೆ ಸಾಕ್ಷಿ. ಆರಾ ಮತ್ತು ಮುಜಫರಪುರದ ಜೈಲುಗಳಲ್ಲಿ ಕೈದಿಗಳ ಹಿತ್ತಾಳೆಯ ಚೊಂಬುಗಳನ್ನು ಕಸಿದು ಮಣ್ಣಿನ ಪಾತ್ರೆ ಕೊಟ್ಟದ್ದಕ್ಕೆ ಕೈದಿಗಳು ದಂಗೆಯೆದ್ದರು, ಊರಿನ ಜನರೂ ಅವರ ಬೆನ್ನಿಗೆ ನಿಂತರು. ಚೊಂಬಿಗೆ ಇಷ್ಟಾದರೆ ಕೊರಳ ಲಿಂಗಕ್ಕೆ? ಕೈದಿಯ ಮೈಮೇಲಿನ ವಸ್ತುಗಳ ವಿವರ ಯಾವ ಕಡತದಲ್ಲಾದರೂ ಕಂಡರೆ ಈ ಒಂದು ಸಾಲನ್ನು ಕಣ್ಣಿಟ್ಟು ಓದಬೇಕೆಂದು ಶೋಧಕರಲ್ಲಿ ನಮ್ಮ ವಿನಂತಿ. ಕಡಲು ದಾಟಿ ಕುಲಗೆಟ್ಟವನೆಂದು ನಾವು ಮರೆತವನು ಅಲ್ಲಿಯೂ ಲಿಂಗ ಬಿಡದೆ ಬದುಕಿದ್ದರೆ?

ಹಿಂದೆ ಉಳಿದವಳ ಗತಿ ಏನಾಯಿತೆಂಬುದು ಇಡೀ ಶೋಧದ ಕಷ್ಟದ ಭಾಗ. ಗಂಡನು ಸತ್ತನೆಂಬ ಸುದ್ದಿಯಿಲ್ಲ, ಬರುತ್ತಾನೆಂಬ ಭರವಸೆಯಿಲ್ಲ. ಕೊರಳಲ್ಲಿ ತಾಳಿಯಿದೆ, ಊರಿನ ಕಣ್ಣಿಗೆ ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ. ನಮ್ಮ ಸಮಾಜದ ಅನೇಕ ಪಂಗಡಗಳಲ್ಲಿ ಉಡಿಕೆಯ ಪದ್ಧತಿ ಇದ್ದಿತಾದರೂ ಗಂಡ ಜೀವಂತ ಇರುವನೋ ಇಲ್ಲವೋ ತಿಳಿಯದವಳಿಗೆ ಪಂಚರು ಏನು ಹೇಳಿಯಾರು? ಕೈದಿಗಳ ಹೆಂಡಿರು ಮಕ್ಕಳನ್ನು ಸರಕಾರಿ ಖರ್ಚಿನಲ್ಲಿ ಅಂದಮಾನಕ್ಕೆ ಕರೆಸುವ ಯೋಜನೆಯನ್ನು ಸರಕಾರ ಆರಂಭದಲ್ಲಿಯೇ ಹಾಕಿತು. ಹೋದವರು ತೀರ ಕಡಿಮೆ. ಆದರೆ ‘ಇಂಥವನ ಹೆಂಡತಿ ಬರಲು ಒಪ್ಪುವಳೇ, ಕೇಳಿ ತಿಳಿಸಿರಿ’ ಎಂದು ಜಿಲ್ಲೆಯ ಅಧಿಕಾರಿಗೆ ಬಂದ ಕಾಗದವೂ, ಅದಕ್ಕೆ ಹೋದ ಉತ್ತರವೂ ಕಡತಗಳಲ್ಲಿ ಇರುವ ಸಂಭವವುಂಟು. ಅವನ ಹೆಸರಿಗಾಗಿ ತೆರೆದ ಕಡತದಲ್ಲಿ ಅವಳ ಮಾತು ಒಂದೆರಡು ಸಾಲಿನಷ್ಟಾದರೂ ಸಿಕ್ಕೀತು.

ಅವಳ ಹೆಸರನ್ನು ಗಂಡನ ಮನೆಯ ಹೆಳವ ಹೇಳಲಾರ. ಅಂಥವಳು ತವರಿಗೆ ಮರಳಿರುವುದೇ ಹೆಚ್ಚು. ಆದ್ದರಿಂದ ಮುಂದಿನ ಸುಗ್ಗಿಗೆ ಹೆಳವನು ಬಂದಾಗ ಹೋದವನು ಯಾವ ಊರಿನಿಂದ ಹೆಣ್ಣು ತಂದಿದ್ದನೆಂದು ಕೇಳಿ ಬರೆದುಕೊಳ್ಳಿರಿ. ಆ ಊರಿಗೆ ಹೋಗಿ, ಅವಳ ಅಣ್ಣತಮ್ಮಂದಿರ ಮನೆಯನ್ನು ಹುಡುಕಿ, ಹಿಂದೆ ತಮ್ಮ ಮನೆಗೆ ಮರಳಿ ಬಂದು ಕಡೆಯವರೆಗೆ ತಾಳಿ ತೆಗೆಯದೆ ಬಾಳಿದ ಅಜ್ಜಿಯೊಬ್ಬಳಿದ್ದಳೇ ಎಂದು ಅಲ್ಲಿಯ ಹಿರಿಯ ಹೆಣ್ಣುಮಕ್ಕಳನ್ನು ವಿಚಾರಿಸಿರಿ.